ಗಾಜಿನ ಗೂಡಿನ ಗಿಳಿ

ಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಗಿಳಿ ಎಂದೇ. ಅದು ಅಪ್ಪ ಇಟ್ಟ ಹೆಸರು. ಅಪ್ಪ ಅಮ್ಮ ಮಾತು ಬಿಟ್ಟ ದಿನಗಳಿಗೆ ಆ ಮನೆಯಲ್ಲಿ ಬರವಿರಲಿಲ್ಲ. ಆಗೆಲ್ಲ ಅಡುಗೆಮನೆಗೂ ಹೊರಕೋಣೆಗೂ ಮಾತು ಸಾಗಿಸುತ್ತಿದ್ದವಳು ಇವಳೇ. "ಬೇಕಿದ್ರೆ ಬಂದು ತಿನ್ಲಿ, ಇಲ್ದಿದ್ರೆ ಬಿಡ್ಲಿ ಅನ್ನು" ಎಂದು ಅಮ್ಮ ಸಿಡುಕಿದರೆ, ಪುಟ್ಟ ಗಿಳಿ ಓಡಿಹೋಗಿ, "ಅಪ್ಪಾ, ಅಮ್ಮ ಊಟಕ್ಕೆ ಕರೀತಿದ್ದಾಳೆ, ಬಿಸಿ ಆರೋಗುತ್ತಂತೆ" ಎನ್ನುತ್ತಿದ್ದಳು. ಅಪ್ಪ ಬಿಗುಮಾನ ಬಿಟ್ಟು ಎದ್ದು ಬರುತ್ತಿದ್ದ.

ದೊಡ್ಡವಳಾಗಿ ಗಿಳಿ ದುಭಾಷಿಯಾದಳು. ಬೇರೇನು ಆಗಲು ಸಾಧ್ಯವಿತ್ತು? ಮಿತ್ರದೇಶಗಳ ನಾಯಕರು ಸೇರುವ ಸಭೆಗಳಲ್ಲಿ ಗಾಜಿನ ಗೂಡಿನೊಳಗೆ ಕೂತು, ತನ್ನ ದೇಶದ ಅಧ್ಯಕ್ಷೆ ಆಡಿದ್ದನ್ನು ನೆರೆದೇಶದ ಪ್ರಧಾನಿಯ ಕಿವಿಗೆ ಅವರದೇ ಭಾಷೆಯಲ್ಲಿ ಮುಟ್ಟಿಸುವುದು ಅವಳ ಕೆಲಸ. ಇಲ್ಲಿ ಸಕ್ಕರೆ ಬೆರೆಸುವಂತಿಲ್ಲ. ಕೊಂಕು ಮಾತು ಕೊಂಕಾಗಿಯೇ ಹೋಗಬೇಕು. ಸ್ವಂತದ ಮಾತು ಒಂದು ಸೇರಿದರೂ ಕೆಲಸಕ್ಕೆ ಕುತ್ತು. ಗಿಳಿ ಈ ವ್ರತವನ್ನು ಎಂದೂ ಕೆಡಿಸಿಕೊಂಡವಳಲ್ಲ, ಆ ಬಗ್ಗೆ ಅವಳಿಗೆ ಸಣ್ಣ ಜಂಬವೂ ಇತ್ತು.

ಆ ದಿನದ ಸಭೆಯ ಪ್ರಶ್ನೆ ಒಂದೇ: ಬರುವ ವರ್ಷ ಎಲ್ಲ ದೇಶಗಳೂ ಸೇರಿ ಮೊದಲು ಯಾವ ಕೆಲಸಕ್ಕೆ ಕೈ ಹಾಕಬೇಕು? ದೇಶದಿಂದ ದೇಶಕ್ಕೆ ವಿದ್ಯುತ್ ತಂತಿ ಎಳೆಯೋಣ ಎಂದು ಅಧ್ಯಕ್ಷೆ. ಕರಾವಳಿಗೆ ಕಾವಲು ಹಾಕೋಣ ಎಂದು ಪ್ರಧಾನಿ. ಎರಡೂ ಬೇಕೆಂದು ಇಬ್ಬರೂ ಒಪ್ಪಿದ್ದರು. ಜಗಳವೆಲ್ಲ ಯಾವುದು ಮೊದಲು ಎನ್ನುವುದಕ್ಕೆ. ಇಬ್ಬರೂ ಹಿಡಿದ ಪಟ್ಟು ಬಿಡಲೊಲ್ಲರು. ಊಟದ ಹೊತ್ತು ಎಂದೋ ಮೀರಿತ್ತು. ಉಳಿದ ನಾಯಕರು ಗಡಿಯಾರ ನೋಡುವುದನ್ನೂ ಬಿಟ್ಟು ತೂಕಡಿಸುತ್ತಿದ್ದರು.

ಅಧ್ಯಕ್ಷೆ ಮಾತು ನಿಲ್ಲಿಸಿ ಕಾಗದ ತಿರುವತೊಡಗಿದರು. ಗೂಡಿನಲ್ಲಿ ಒಂದು ಗುಂಡಿಯಿದೆ, ಒತ್ತಿ ಹಿಡಿದಷ್ಟು ಹೊತ್ತು ಮೈಕು ಸತ್ತಿರುತ್ತದೆ. ಗಿಳಿ ಅದನ್ನು ಒತ್ತಿ, ಪಕ್ಕದ ಜೊತೆಗಾತಿಯತ್ತ ತಿರುಗಿದಳು. ಜೊತೆಗಾತಿ ನೆರೆದೇಶದವಳು, ಪ್ರಧಾನಿಯ ಮಾತನ್ನು ಅಧ್ಯಕ್ಷೆಗೆ ಮುಟ್ಟಿಸುವವಳು. ಇಬ್ಬರೂ ಹರಟುವುದು ಅವಳ ಭಾಷೆಯಲ್ಲೇ. ಜೊತೆಗಾತಿ ಬಿಸ್ಕತ್ತಿನ ಪೊಟ್ಟಣ ಚಾಚಿದಳು. ಹಸಿದ ಗಿಳಿ ಅದಕ್ಕೆ ಕೈ ನೀಡಿದಳು, ಗುಂಡಿ ಒತ್ತಿದ್ದ ಕೈಯನ್ನೇ! ಕೆಳಗಿದ್ದವರನ್ನು ನೋಡುತ್ತ ಗೊಣಗಿದಳು: "ಊಟಕ್ಕಾದ್ರೂ ಏಳಿ ಸ್ವಾಮಿ! ಯಾವುದು ಮೊದಲು ಅಂತ ಉಂಡ ಮೇಲೆ ನೋಡೋಣ."

ಪ್ರಧಾನಿ ತಲೆಯೆತ್ತಿದರು. ಮುಖ ಅರಳಿತು. "ನೀವು ಇಷ್ಟು ಪ್ರೀತಿಯಿಂದ ಕರೆದ ಮೇಲೆ ಬೇಡ ಅನ್ನೋಕಾಗುತ್ತಾ?" ಎಂದು ಅಧ್ಯಕ್ಷೆಗೆ ಹೇಳಿ ಎದ್ದೇಬಿಟ್ಟರು. ಜೊತೆಗಾತಿ ನಗು ನುಂಗಿಕೊಂಡು ಅದನ್ನು ಅಧ್ಯಕ್ಷೆಗೆ ಮುಟ್ಟಿಸಿದಳು. ಅಧ್ಯಕ್ಷೆ ಕಕ್ಕಾಬಿಕ್ಕಿಯಾಗಿ ಗಾಜಿನ ಗೂಡಿನತ್ತ ಒಮ್ಮೆ ನೋಡಿ, ತಾವೂ ಎದ್ದರು. ಗಿಳಿ ಗುಂಡಿಯತ್ತ ನೋಡಿದಳು; ಅದನ್ನು ಒತ್ತಿದ್ದ ಕೈಯಲ್ಲೀಗ ಬಿಸ್ಕತ್ತಿತ್ತು. ಇಷ್ಟು ವರ್ಷ ಕಾಪಾಡಿಕೊಂಡ ಹೆಸರು ಒಂದು ಬಿಸ್ಕತ್ತಿಗೆ ಹೋಯಿತಲ್ಲ!

ಊಟದ ಮೇಜಿನಲ್ಲಿ ಹೊಟ್ಟೆ ತುಂಬುತ್ತಿದ್ದಂತೆ ದನಿಗಳು ತಗ್ಗಿದವು. ಕಾವಲು ಗೋಪುರಗಳ ದೀಪ ಉರಿಯಲು ಕರೆಂಟು ಬೇಡವೇ ಎಂದು ಯಾರೋ ಅಂದರು. ಹಾಗಾದರೆ ಮೊದಲ ತಂತಿ ಕರಾವಳಿಗೇ ಹೋಗಲಿ ಎಂದಾಯಿತು. ಎರಡು ಕೆಲಸ ಒಂದಾಯಿತು, ಕೈಕುಲುಕಿಯೂ ಆಯಿತು.

ಗಿಳಿ ಅಧ್ಯಕ್ಷೆಯ ಮುಂದೆ ತಲೆ ತಗ್ಗಿಸಿ ನಿಂತಳು. "ಮೇಡಂ, ಊಟಕ್ಕೆ ಕರೆದದ್ದು ನೀವಲ್ಲ, ನಾನು. ಮೈಕು ತೆರೆದೇ ಇತ್ತು."

"ನಾನು ಕರೆದಿಲ್ಲ ಅಂತ ನನಗೆ ಗೊತ್ತಿರಲ್ವೇನಮ್ಮಾ? ಪ್ರಧಾನಿಯವರಿಗೆ ನಾನೇ ಹೇಳ್ತೀನಿ. ಆದ್ರೆ ಇನ್ನೊಂದ್ಸಲ ಹೀಗಾದ್ರೆ ಕೆಲಸ ಉಳಿಯಲ್ಲ, ನೆನಪಿರಲಿ." ನಾಲ್ಕು ಹೆಜ್ಜೆ ಹೋದವರು ತಿರುಗಿ, "ಹೊಟ್ಟೆಯಂತೂ ನನಗೂ ಚುರುಗುಟ್ತಿತ್ತು ಬಿಡು" ಎಂದರು.

ಸಂಜೆ ಮನೆಯಲ್ಲಿ ಗಿಳಿ ಇದನ್ನೆಲ್ಲ ಹೇಳಿದಾಗ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಪ್ಪ ಮಾತ್ರ ನಗಲಿಲ್ಲ.

"ಚಿಕ್ಕವಳಿದ್ದಾಗಲೂ ನೀನು ಮಾಡ್ತಿದ್ದದ್ದು ಇದೇ ಕೆಲಸ" ಎಂದ. "ಅಡುಗೆಮನೆಗೂ ಹೊರಕೋಣೆಗೂ ನಡುವೆ ಇರೋದು ಒಂದೇ ಗೋಡೆ. ನಿಮ್ಮಮ್ಮ ಅಂದಿದ್ದೆಲ್ಲ ನನಗೆ ಕೂತಲ್ಲಿಗೇ ಕೇಳಿಸ್ತಿತ್ತು."

ಗಿಳಿ ಬೆಪ್ಪಾದಳು. "ಮತ್ತೆ ಯಾಕಪ್ಪಾ ಎದ್ದು ಬರ್ತಿದ್ದೆ?"

"ನೀನು ಕರೀತಿದ್ದೆಯಲ್ಲೇ."