ಬಂದರು ಕೋಟೆಗೆ ತಡವಾಗಿ ಹೋದದ್ದು

ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಪ್ಪನ ಕಣ್ಣು ದಿನದಿಂದ ದಿನಕ್ಕೆ ಮಂಜಾಗುತ್ತಿತ್ತು. ಬೇಗಂಪೇಟೆಯ ಡಾಕ್ಟರು, "ನೋಡುವುದೇನಿದ್ದರೂ ಈಗಲೇ ನೋಡಿಬಿಡಲಿ" ಎಂದಿದ್ದರು. ಅಪ್ಪ ಕೇಳಿದ್ದು ಒಂದೇ, ಮಚಲೀಪಟ್ಟಣದ ಕೋಟೆ. ಹೈದರಾಬಾದಿನ ಶಾಲೆಯಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದವರು. ಗೋಲ್ಕೊಂಡದ ಮೂಲೆಮೂಲೆಯೂ ಗೊತ್ತು. ಆ ಸುಲ್ತಾನರ ಹಡಗು ಹೊರಡುತ್ತಿದ್ದ ಬಂದರನ್ನು ಮಾತ್ರ ಒಮ್ಮೆಯೂ ಕಂಡವರಲ್ಲ.

ನಿಚ್ಚಳ ಬೆಳಕಿದ್ದರಷ್ಟೇ ಅವರಿಗೆ ಏನಾದರೂ ಕಾಣುತ್ತಿತ್ತು. ಅದಕ್ಕೇ ನಸುಕಿನಲ್ಲಿ ಕಾರು ಹೊರಡಿಸಿದೆ. ಹತ್ತು ಗಂಟೆಗೆ ವಿಜಯವಾಡ ಬಂತು, ಅವ್ವ ಶುರು ಮಾಡಿದಳು. ಅಲ್ಲಿ ನನ್ನ ತಂಗಿಯ ಅತ್ತೆ-ಮಾವ ಇದ್ದಾರೆ, ಅವರೂ ನಮ್ಮ ಕಡೆಯವರೇ.

"ಬೀಗರ ಊರಾಗ ಹಾದು ಹೋಗಿ ಅವರ ಮನಿಗೆ ಹೋಗಲಿಲ್ಲಂದ್ರ, ನಾಳೆ ಮಾತು ಕೇಳಾಕಿ ನಿನ್ನ ತಂಗಿ. ಐದ ನಿಮಿಷ, ಕುಂಕುಮ ಹಚ್ಚಿಸ್ಕೊಂಡು ಬರೂಣು."

ಐದು ನಿಮಿಷವಂತೆ! ಬೀಗರು ಬಾಗಿಲಿಗೇ ಅಡ್ಡ ನಿಂತರು. "ಉಣ್ಣದ ಹ್ಯಾಂಗ ಹೋಗ್ತೀರ್ರಿ? ಹೋಳಿಗಿ ಮಾಡಾಕತ್ತಾರ್ರಿ." ನೋಡಿದರೆ ಕಡಲೆಬೇಳೆ ಆಗಷ್ಟೇ ಒಲೆ ಏರಿತ್ತು. ಗಡಿಯಾರ ತೋರಿಸಿದೆ, ಕಣ್ಸನ್ನೆ ಮಾಡಿದೆ, ಅವ್ವನ ಸೆರಗು ಜಗ್ಗಿದೆ. ನನ್ನ ಗೋಳು ಯಾರಿಗೆ ಬೇಕು? ಊಟ, ಎಲೆ-ಅಡಿಕೆ, ಉಡಿ ತುಂಬುವುದು ಎಲ್ಲ ಮುಗಿಸಿ ಎದ್ದಾಗ ಮೂರೂವರೆ.

ದಾರಿಯುದ್ದಕ್ಕೂ ಅವ್ವನ ಮೇಲೆ ಹರಿಹಾಯ್ದೆ. "ಹೋಳಿಗಿ ಸಲುವಾಗಿ ಅಪ್ಪನ ಆಸೆಗೆ ಮಣ್ಣು ಹಾಕಿದಿ!" ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಳು. ಅಪ್ಪ ಮಾತ್ರ ಹಿಂದಿನ ಸೀಟಿನಲ್ಲಿ ಪಾಠ ನಡೆಸಿಯೇ ಇದ್ದರು. "ಮೊದಲ ಗೋಲ್ಕೊಂಡದವ್ರು, ಆಮ್ಯಾಲ ಡಚ್ಚರು, ನಡುವ ಫ್ರೆಂಚರು, ಕಡೀಕ ಇಂಗ್ಲಿಷರು. ಎಲ್ಲಾರೂ ಬಂದು ಗಾರೆ ಬಡದು ಹೋಗ್ಯಾರ."

ಬೇಸಿಗೆಯಾದ್ದರಿಂದ, ಪುಣ್ಯಕ್ಕೆ, ತಲುಪಿದಾಗ ಹೊತ್ತಿನ್ನೂ ಮುಳುಗಿರಲಿಲ್ಲ. ಅಪ್ಪನ ಕೈ ಹಿಡಿದು ದರದರ ಎಳೆದೊಯ್ದೆ. ನಾಲ್ಕು ಮಾರು ದೂರದಲ್ಲಿ ಗೋಡೆ. ಉಪ್ಪುಗಾಳಿಗೆ ಗಾರೆ ಉದುರಿ, ಬೇರೆ ಬೇರೆ ಅಳತೆಯ ಇಟ್ಟಿಗೆಗಳು ಹೊರಬಿದ್ದಿದ್ದವು. ಅದರ ತುಂಬ ಬಿಸಿಲು.

ಅಪ್ಪ ಮುಖ ಅತ್ತಿತ್ತ ಹೊರಳಿಸಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಕತ್ತಲಾತೇನಪಾ? ಗ್ವಾಡಿ ಎಲ್ಲೈತಿ?"

ಅವ್ವ ಮುಂದೆ ಬಂದು ಅವರ ಇನ್ನೊಂದು ಕೈ ಹಿಡಿದಳು.

"ಹೂಂರಿ, ಕತ್ತಲಾತು," ಎಂದಳು. "ಬೀಗರ ಮನ್ಯಾಗ ನಾನಾ ತಡಾ ಮಾಡಿಬಿಟ್ಟೆ."