ಕೆಟ್ಟ ಇಫ್‌ಗಳ ಪಾಠ

ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರಾದರೂ ಅಂದರೆ ಈಗಲೂ ಮೈ ಉರಿಯುತ್ತದೆ. ಮಳವಳ್ಳಿಯ ಒಂದು ನರ್ಸಿಂಗ್ ಹೋಮಿನಲ್ಲಿ ಇಷ್ಟು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ, ಡಾಕ್ಟರು ಗೀಚಿದ್ದನ್ನು ಔಷಧಿ ಅಂಗಡಿಯವರಿಗಿಂತ ಮೊದಲು ಓದುತ್ತೇನೆ. ಆದರೆ ಕಲಿಯುವ ಕಾಲದಲ್ಲಿ ಒಂದು ಪುಟ್ಟ ಪದ ನನಗೆ ಚೆನ್ನಾಗಿ ನೀರು ಕುಡಿಸಿತ್ತು. ಅದು ‘ಇಫ್’.

ತಪ್ಪು ನನ್ನದಲ್ಲ, ನಮ್ಮವ್ವನದು ಎಂದು ಆಗ ವಾದಿಸುತ್ತಿದ್ದೆ. ಕಿರುಗಾವಲಿನ ಹತ್ತಿರ ನಮ್ಮ ಹಳ್ಳಿ. ಮನೆಯಲ್ಲಿ ಯಾರಾದರೂ ಮಾತಿಗೆ “ಬಸ್ಸು ಮಗುಚ್ಕೊಂಡ್ರೆ” ಅಂದರೂ ಸಾಕು, ಅವ್ವ ಒಲೆಯ ಮುಂದಿನಿಂದಲೇ “ಬುಡ್ತು ಅನ್ನು!” ಎಂದು ಗದರುತ್ತಿದ್ದಳು. ಬಾಯಿ ಜಾರಿದ ಕೆಟ್ಟ ಮಾತು ನಮ್ಮನ್ನು ಬಿಟ್ಟು ಹೋಗಲಿ ಎಂದು “ಬುಡ್ತು, ಬುಡ್ತು” ಅನ್ನಬೇಕು. ಅನ್ನುವ ತನಕ ತಟ್ಟೆಗೆ ಮುದ್ದೆ ಬೀಳುತ್ತಿರಲಿಲ್ಲ. ಕಾಯಿಲೆಯವರ ಎದುರಿಗಂತೂ ‘ಹುಷಾರಾಗ್ತೀಯ, ನಾಳೆ ಎದ್ದು ಓಡಾಡ್ತೀಯ’ ಎನ್ನುವುದು ಬಿಟ್ಟು ಬೇರೆ ಮಾತೇ ಇಲ್ಲ. ಹಾಗೆ ಬೆಳೆದವಳು ನಾನು, ಹೋಗಿ ಸೇರಿದ್ದು ಮಂಡ್ಯದಲ್ಲಿ ನರ್ಸಿಂಗಿಗೆ.

ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವಳಿಗೆ ಅಲ್ಲಿ ಎಲ್ಲವೂ ಇಂಗ್ಲಿಷು. ಎರಡು ವರ್ಷ ಹೇಗೋ ಬಾಯಿಪಾಠ ಮಾಡಿ ದಾಟಿದೆ. ಕೊನೆಯ ವರ್ಷ ಮಾತ್ರ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಲ್ಲಿಸಿ ಪ್ರಾಕ್ಟಿಕಲ್ ಪರೀಕ್ಷೆ ಮಾಡುತ್ತಾರೆ, ಕೇಳುವುದೂ ಹೇಳುವುದೂ ಇಂಗ್ಲಿಷಿನಲ್ಲೇ, ಅಲ್ಲಿ ಬಾಯಿಪಾಠ ನಡೆಯುವುದಿಲ್ಲ ಎಂದು ಸೀನಿಯರ್‌ಗಳು ಹೆದರಿಸಿದ್ದರು. ಫೇಲಾದರೆ ಆರು ತಿಂಗಳು ಮನೆಯಲ್ಲಿ ಕೂರಬೇಕು. ಮನೆಯಲ್ಲಿ ಕೂತ ಹುಡುಗಿಯನ್ನು ಮತ್ತೆ ಮಂಡ್ಯಕ್ಕೆ ಕಳಿಸುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಆಗಲೇ ಎರಡು ಕಡೆಯಿಂದ ಗಂಡು ಬಂದು ಕಾಫಿ ಕುಡಿದು ಹೋಗಿದ್ದವು.

ಅದಕ್ಕೇ ಭಾನುವಾರ ಭಾನುವಾರ ರೈಲು ಹತ್ತಿ ಮದ್ದೂರಿಗೆ ಹೋಗುತ್ತಿದ್ದೆ. ಅಲ್ಲಿ ಒಬ್ಬ ರಿಟೈರಾದ ಇಂಗ್ಲಿಷ್ ಮೇಡಂ ಇದ್ದರು. ಕೆಳಗೆ ಅವರ ಯಜಮಾನರ ಮೆಕ್ಯಾನಿಕ್ ಶಾಪು, ಮೇಲೆ ಮನೆ. ಪಾಠದ ನಡುವೆ ಬೈಕುಗಳ ಗುಡುಗುಡು ಕೇಳಿದಾಗ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಸದ್ದು ನಿಲ್ಲುವವರೆಗೆ ಕಾಯುತ್ತಿದ್ದರು.

“ನಮಗೆ ಹೆಚ್ಚು ಕಮ್ಮಿ ಒಂದೇ ‘ರೆ’ ಸಾಕು. ಬಂದ್ರೆ, ಹೋದ್ರೆ, ಆದ್ರೆ,” ಎಂದು ಅವರು ಶುರು ಮಾಡಿದರು. “ಇಂಗ್ಲಿಷಿನವರು ಅದನ್ನೇ ಮೂರು ಮಾಡ್ಕೊಂಡವ್ರೆ.” ಆಗಬಹುದಾದದ್ದು ಒಂದು: ಇಫ್ ಇಟ್ ರೇನ್ಸ್, ಐ ವಿಲ್ ಸ್ಟೇ. ಮಳೆ ಬಂದರೂ ಬರಬಹುದು, ಬಂದರೆ ಇಲ್ಲೇ ಇರುತ್ತೇನೆ. ಆಗಲಿಕ್ಕಿಲ್ಲ, ಆದರೂ ಅಂದುಕೊಳ್ಳೋಣ ಎನ್ನುವುದು ಎರಡನೆಯದು: ಇಫ್ ಇಟ್ ರೇನ್ಡ್, ಐ ವುಡ್ ಸ್ಟೇ. ಕೈಮೀರಿ ಹೋದದ್ದು ಮೂರನೆಯದು: ಇಫ್ ಇಟ್ ಹ್ಯಾಡ್ ರೇನ್ಡ್, ಐ ವುಡ್ ಹ್ಯಾವ್ ಸ್ಟೇಯ್ಡ್. ಮಳೆ ಬರಲಿಲ್ಲ, ನಾನೂ ಇರಲಿಲ್ಲ, ಇನ್ನು ಏನು ಮಾಡಿದರೂ ಅಷ್ಟೇ.

ನನಗೆ ಎರಡನೆಯದು ತಲೆಗೇ ಹೋಗಲಿಲ್ಲ. ನಾಳೆಯ ಮಾತಿಗೆ ನೆನ್ನೆಯ ಕ್ರಿಯಾಪದ ಯಾಕೆ ಎಂದು ಜಗಳಕ್ಕೇ ನಿಂತೆ. ಮೇಡಂ ತಾಳ್ಮೆಯಿಂದ, “ಅಲ್ಲಿ ಅದು ನೆನ್ನೆ ಅಲ್ಲಮ್ಮ, ದೂರ. ಆಗ್ಲಿಕ್ಕಿಲ್ಲ ಅನ್ನೋದನ್ನ ಸ್ವಲ್ಪ ದೂರ ಇಟ್ಟು ಮಾತಾಡೋದಕ್ಕೆ ಹಾಗೆ,” ಎಂದರು. ಅದು ಅರ್ಥವಾಯಿತು.

ಮುಂದಿನ ವಾರ ನಲವತ್ತು ವಾಕ್ಯ ಬರೆದುಕೊಂಡು ಹೋದೆ. ನಾಲೆಗೆ ನೀರು ಬಿಟ್ಟರೆ ಭತ್ತ ನಾಟಿ ಮಾಡುತ್ತೇವೆ. ಹಸು ಕರು ಹಾಕಿದರೆ ಗಿಣ್ಣು ಮಾಡುತ್ತೇವೆ. ನನಗೆ ರೆಕ್ಕೆ ಇದ್ದಿದ್ದರೆ ಹಾಸ್ಟೆಲಿನಿಂದ ಹಾರಿ ಹೋಗುತ್ತಿದ್ದೆ. ಒಂದೂ ತಪ್ಪಿರಲಿಲ್ಲ. ಮೇಡಂ ಓದಿ ಮುಗಿಸಿ ಕನ್ನಡಕ ತೆಗೆದರು. “ನಿನ್ನ ನಲವತ್ತು ಇಫ್‌ನಲ್ಲಿ ಒಬ್ಬರಿಗೂ ನೆಗಡಿ ಕೂಡ ಬರಲಿಲ್ಲವಲ್ಲ. ನೀನು ನರ್ಸಾಗ್ತೀಯೋ, ಹಸು ಸಾಕ್ತೀಯೋ? ನಿನಗೆ ಬೇಕಾಗಿರೋದು ಕೆಟ್ಟ ಇಫ್‌ಗಳು.”

ಸಿಟ್ಟು ಬಂತು. ಆದರೂ ಅವರ ಎದುರಿಗೇ ಕೂತು ಬರೆದೆ. ರೋಗಿ ಬಿದ್ದರೆ, ರಕ್ತ ನಿಲ್ಲದಿದ್ದರೆ. ಒಂದೊಂದು ಬರೆದಾಗಲೂ ತುಟಿಯಲ್ಲೇ ‘ಬುಡ್ತು’ ಅಂದುಕೊಂಡೆ. ಮೇಡಂಗೆ ಗೊತ್ತಾಯಿತು, ಇನ್ನೊಂದು ಹಾಳೆ ನನ್ನ ಮುಂದಕ್ಕೆ ತಳ್ಳಿದರು.

ಪರೀಕ್ಷೆಯಲ್ಲಿ ನನಗೆ ಕೊಟ್ಟದ್ದು ಮಳವಳ್ಳಿ ಕಡೆಯ ಒಬ್ಬ ಅಜ್ಜಿ. ಉಬ್ಬಸ ಜಾಸ್ತಿಯಾಗಿ ಆಸ್ಪತ್ರೆ ಸೇರಿದ್ದಳು, ಪರೀಕ್ಷೆಯ ಹೊತ್ತಿಗೆ ಸುಧಾರಿಸಿದ್ದಳು. ಒಂದು ವಾರದಿಂದ ಅವಳನ್ನು ನೋಡಿಕೊಂಡಿದ್ದವಳು ನಾನೇ. ತಲೆ ಬಾಚುವಾಗ ಜಡೆ ಬಿಗಿಯಾಯಿತು ಎಂದು ದಿನಾ ಬೈಯುತ್ತಿದ್ದಳು. ಪರೀಕ್ಷಕರು ಹೊರಗಿನ ಊರಿನವರು, ಕನ್ನಡ ಬಾರದು. ಬಿಪಿ, ನಾಡಿ, ಔಷಧಿ, ಎಲ್ಲ ಸರಾಗವಾಗಿ ಹೋಯಿತು. ಆಮೇಲೆ ಅವರು ಅಜ್ಜಿಯ ಕಡೆ ಪೆನ್ನು ತೋರಿಸಿ, ಈ ರೋಗಿಯ ಉಸಿರು ಇದ್ದಕ್ಕಿದ್ದಂತೆ ನಿಂತರೆ ಮೊದಲು ಏನು ಮಾಡುತ್ತೀ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನನಗೆ ಉತ್ತರ ಗೊತ್ತಿತ್ತು, ವ್ಯಾಕರಣವೂ ಗೊತ್ತಿತ್ತು. ಅಜ್ಜಿ ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬಾರದು ಎನ್ನುವುದೂ ಆಗ ನೆರವಿಗೆ ಬರಲಿಲ್ಲ. “ಶಿ ಈಸ್ ಫೈನ್, ಸರ್. ಗುರುವಾರ ಮನೆಗೆ ಹೋಗ್ತಾಳೆ,” ಎಂದು ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ತೊದಲಿದೆ. ನಾನು ಕೇಳಿದ್ದು ಅದನ್ನಲ್ಲ ಎಂದರು ಅವರು. ಮತ್ತೆ ಕೇಳಿದರು. ನನ್ನ ಬಾಯಿ ಬೀಗ ಹಾಕಿದಂತೆ ಇತ್ತು. ಅವರು ಅಂಕದ ಹಾಳೆಯ ಮೇಲೆ ಪೆನ್ನು ಇಟ್ಟದ್ದನ್ನು ನೋಡಿ, ಎಲ್ಲ ಮುಗಿಯಿತು, ಇನ್ನು ಕಾಫಿ ತಟ್ಟೆ ಹಿಡಿದು ಗಂಡುಗಳ ಮುಂದೆ ನಿಲ್ಲುವುದೇ ಸರಿ ಎಂದುಕೊಂಡೆ.

“ಏನವ್ವ ಕೇಳ್ತಾವ್ನೆ ಈವಯ್ಯ? ಯಾಕಿಂಗೆ ಮೊಕ ಬಾಡಿಸ್ಕೊಂಡು ನಿಂತಿದ್ದೀಯೆ?” ಎಂದಳು ಅಜ್ಜಿ.

ನನಗೆ ಸುಳ್ಳು ಹೇಳುವಷ್ಟು ಬುದ್ಧಿಯೂ ಆ ಹೊತ್ತಿಗೆ ಉಳಿದಿರಲಿಲ್ಲ. “ನಿಂಗೆ ಉಸ್ರು ನಿಂತೋದ್ರೆ ನಾನೇನ್ ಮಾಡ್ತೀನಿ ಅಂತ ಕೇಳ್ತಾವ್ರೆ ಅಜ್ಜಿ,” ಅಂದುಬಿಟ್ಟೆ.

ಬೈಯುತ್ತಾಳೆ ಎಂದು ಕಾದೆ. ಅಜ್ಜಿ ಕೈಯೂರಿ ಎದ್ದು ಕೂತಳು. “ಅಂಗೇಯಾ? ಸರಿಯಾಗೇ ಕೇಳವ್ನೆ. ಯೋಳು ಮತ್ತೆ, ಏನ್ ಮಾಡ್ತೀಯೆ? ಬಂದಾಗ್ನಿಂದ್ಲೂ ನಂಗದೇ ಯೋಚ್ನೆ. ಮಗ್ಳುನ್ನ ಕೇಳುದ್ರೆ ಬಾಯ್ ಮುಚ್ಚುಸ್ತಾಳೆ. ಇನ್ಯಾರ್ನ ಕೇಳಾನೆ?”

ಅವಳೇನು ಅನ್ನುತ್ತಿದ್ದಾಳೆ ಎಂದು ಪರೀಕ್ಷಕರು ಕೇಳಿದರು. “ಶಿ ಆಲ್ಸೋ ವಾಂಟ್ಸ್ ಟು ನೋ, ಸರ್,” ಎಂದೆ. ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. “ದೆನ್ ಟೆಲ್ ಹರ್ ಫಸ್ಟ್,” ಎಂದರು.

ಮೊದಲು ಅವಳಿಗೆ ಹೇಳಿದೆ. ಜೋರಾಗಿ ಕೂಗಿ ಎಲ್ಲರನ್ನೂ ಕರೀತೀನಿ. ನಿನ್ನ ಅಂಗಾತ ಮಲಗಿಸಿ, ನಾಡಿ ಸಿಗದಿದ್ರೆ ಎದೆ ಒತ್ತುತೀನಿ, ನೋವಾಗ್ತದೆ, ಬೈಬ್ಯಾಡ. ಮೂಗು ಬಾಯಿಗೆ ಮಾಸ್ಕು ಇಟ್ಟು, ರಬ್ಬರ್ ಬ್ಯಾಗು ಅಮುಕಿ ಗಾಳಿ ಕೊಡ್ತೀನಿ. ಆಮೇಲೆ ಅದನ್ನೇ ಪರೀಕ್ಷಕರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಇಫ್ ಶಿ ಸ್ಟಾಪ್ಡ್ ಬ್ರೀದಿಂಗ್, ಐ ವುಡ್ ಕಾಲ್ ಫಾರ್ ಹೆಲ್ಪ್. ಒಂದು ವುಡ್ ಕೂಡ ತಪ್ಪಲಿಲ್ಲ. ಅವರು ಅಂಕ ಬರೆದುಕೊಂಡು ಪಕ್ಕದ ಹಾಸಿಗೆಗೆ ಹೋದರು. ಪಾಸಾದೆ ಎಂದು ನನಗೆ ಅಲ್ಲೇ ಗೊತ್ತಾಯಿತು.

ಬಿಪಿ ಪಟ್ಟಿ ಸುತ್ತಿಡುತ್ತಿದ್ದಾಗ ಅಜ್ಜಿ ನನ್ನ ಮಣಿಕಟ್ಟು ಹಿಡಿದಳು. “ಅಷ್ಟೆಲ್ಲ ಮಾಡುದ್ರೂವೆ ಉಸ್ರು ವಾಪಸ್ ಬರ್ದೇ ಇದ್ರೆ?”

ಈ ಪ್ರಶ್ನೆ ಯಾವ ಪುಸ್ತಕದಲ್ಲೂ ಇರಲಿಲ್ಲ. “ಆಗ ನಿನ್ ಕೈ ಇಡ್ಕೊಂಡು ಇಲ್ಲೇ ಕೂತಿರ್ತೀನಿ ಅಜ್ಜಿ. ಒಬ್ಳುನ್ನೇ ಬುಟ್ಟು ಓಗಲ್ಲ,” ಎಂದೆ.

ಅವಳು ನನ್ನ ಮಣಿಕಟ್ಟು ಬಿಟ್ಟಳು. “ಅಷ್ಟೇಯ ನಂಗೆ ಬೇಕಾಗಿದ್ದು ಕಣವ್ವ,” ಎಂದು ಗೋಡೆಯ ಕಡೆ ಹೊರಳಿ ಮಲಗಿದಳು.