ಸ್ಪೇನಿನ ಚಿತ್ರಗಾರ ನಮ್ಮ ಸೋಫಾದ ಮೇಲೆ

ಆ ದಿನ ಬೆಳಿಗ್ಗೆ ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿ ಅವಳನ್ನು ಶಾಲೆಯ ಬಸ್ಸು ಹತ್ತಿಸಿದೆ, ಬಾಲ್ಕನಿಯ ಮರಳು ಗುಡಿಸಿದೆ, ಗ್ಯಾಸಿನವನಿಗೆ ಫೋನ್ ಮಾಡಿದೆ, ನೀರಿನ ಖಾಲಿ ಕ್ಯಾನ್ ಬಾಗಿಲ ಹೊರಗಿಟ್ಟೆ, ಯಜಮಾನರ ಬಿಳಿ ಅಂಗಿಯ ಕಾಲರ್ ಉಜ್ಜಿ ಒಣಗಿಸಿದೆ. ಆಮೇಲೆ ಗುಡಿಸಿದ ಬಾಲ್ಕನಿಯನ್ನೇ ಮತ್ತೆ ಗುಡಿಸಿದೆ. ಕೈ ಸುಮ್ಮನಿರಲು ಕೇಳುತ್ತಿರಲಿಲ್ಲ.

ಮಧ್ಯಾಹ್ನ ಅವರಿಗೆ ಅಬುಧಾಬಿಯಲ್ಲಿ ಇಂಟರ್‌ವ್ಯೂ. ಹೋಟೆಲುಗಳಿಗೆ ಚಿತ್ರ ಸಾಗಿಸಿ ಗೋಡೆಗೆ ತೂಗುಹಾಕುತ್ತಿದ್ದ ಅವರ ಕಂಪನಿ ಮುಚ್ಚಿತ್ತು. ವೀಸಾ ರದ್ದಾಗುವುದರೊಳಗೆ ಬೇರೆ ಕೆಲಸ ಸಿಗದಿದ್ದರೆ, ಮಗಳ ಹತ್ತನೆಯ ಪರೀಕ್ಷೆಗೂ ಕಾಯದೆ ಅಲ್ ಕುಸೈಸ್‌ನ ಈ ಬಾಡಿಗೆ ಮನೆ ಖಾಲಿ ಮಾಡಿ ಊರಿಗೆ ಮರಳಬೇಕು. ಅಬುಧಾಬಿಯ ಒಂದು ಖಾಸಗಿ ಆರ್ಟ್ ಗ್ಯಾಲರಿಗೆ ಸ್ಪೇನಿನಿಂದ ಹಳೆಯ ಚಿತ್ರಗಳು ಬರುವುದಿತ್ತು; ಎಲ್ಲ ಬೆಟ್ಟ, ಹಳ್ಳ, ಬಂಡೆ. ಅವುಗಳ ಪಕ್ಕ ನಿಂತು ಚಿತ್ರಗಾರನ ಜೀವನ ಹೇಳುವವರು ಬೇಕಿತ್ತು. ಒಂದು ಹಾಳೆ ಕಳುಹಿಸಿದ್ದರು. ಅದನ್ನು ಓದಿಕೊಂಡು ಹೋಗಿ ಹೇಳಬೇಕು, ಅಷ್ಟೇ.

ಆದರೆ ನಮ್ಮವರು ತಾಳಮದ್ದಳೆಯವರು. ಶುಕ್ರವಾರ ಇಲ್ಲಿನ ಗೆಳೆಯರ ಜೊತೆ ವೇಷವಿಲ್ಲದೆ, ಕುಣಿತವಿಲ್ಲದೆ, ಮೈಕಿನ ಮುಂದೆ ಕುಳಿತು ತಾವೇ ಪಾತ್ರವಾಗಿ ಮಾತಾಡುವವರು. ಒಬ್ಬನ ಜೀವನ ಹೇಳುವ ಬೇರೆ ಕ್ರಮ ಅವರಿಗೆ ಗೊತ್ತೇ ಇಲ್ಲ. ಮೊದಲು ಕನ್ನಡದಲ್ಲಿ ಬಾಯಿ ಪಳಗಿಸಿ ಆಮೇಲೆ ಇಂಗ್ಲಿಷಿಗೆ ತರುತ್ತೇನೆಂದು ಹೆಗಲಿಗೆ ಶಾಲಿನ ಬದಲು ಸ್ನಾನದ ಬೈರಾಸು ಹಾಕಿ ಸೋಫಾದ ಮೇಲೆ ಕುಳಿತರು.

"ನಾನು ಹುಟ್ಟಿದ್ದು ಬೆಲ್ಜಿಯಂನಲ್ಲಿ. ತಂದೆಯವರ ವ್ಯವಹಾರ ಮುಳುಗಿತು. ಗಂಟುಮೂಟೆ ಕಟ್ಟಿ ಸ್ಪೇನಿನ ಕಡಲತಡಿಗೆ ಬಂದೆವು. ಪರದೇಶವೇ ನನಗೆ ಊರಾಯಿತು!"

ಹಿಂದಿನ ದಿನ ಇದನ್ನೇ ಕೇಳಿ ಮಗಳು ನಕ್ಕಿದ್ದಳು, "ಪಪ್ಪಾ, ಸೋ ಡ್ರಾಮಾಟಿಕ್! ಇಂಟರ್‌ವ್ಯೂ ಇದು, ಕುರುಕ್ಷೇತ್ರ ಅಲ್ಲ."

ಚಿತ್ರಗಾರ ಮ್ಯಾಡ್ರಿಡ್‌ನಲ್ಲಿ ಮೇಷ್ಟ್ರಾದ. ಶಿಷ್ಯರನ್ನು ಕೋಣೆಯಿಂದ ಹೊರಡಿಸಿ ಬೆಟ್ಟಕ್ಕೆ ಕರೆದೊಯ್ದ. "ತಡವಾಗಿ ಮದುವೆಯಾದೆ," ಎಂದವರು ನೀರು ಕುಡಿದರು. ಆಮೇಲೆ ಒಮ್ಮೆಲೇ, "ಮತ್ತೆ ಬೆಟ್ಟ ಹತ್ತಿದೆ!"

ವಾರವಿಡೀ ಅಲ್ಲಿಗೆ ಬಂದಾಗ ಒಂದು ಮಾತು ಹಾರಿಸಿ ಮುಂದೆ ಹೋಗುತ್ತಿದ್ದರು. ಹಾಳೆಯನ್ನು ನಾನೂ ಓದಿದ್ದೆ. ಮದುವೆಯಾಗಿ ಹೆಚ್ಚು ಕಾಲವಾಗುವ ಮೊದಲೇ ಹೆಂಡತಿ, ಮಗು ಇಬ್ಬರೂ ತೀರಿಕೊಂಡಿದ್ದರು.

"ಅದನ್ನು ಯಾಕೆ ಬಿಡುದು?" ಎಂದೆ.

"ನಾನೇ ಅವನಾಗಿ ಕೂತದ್ದಲ್ವಾ? ನೀನು ಎದುರು ಬೀನ್ಸ್ ತುಂಡು ಮಾಡ್ತಾ ಇರುವಾಗ, ನನ್ನ ಹೆಂಡ್ತಿ ಸತ್ತಳು ಅಂತ ಬಾಯಲ್ಲಿ ಬರ್ಬೇಕಾ?"

"ಅಲ್ಲಿ ಅದನ್ನೇ ಕೇಳಿದ್ರೆ?"

"ಅಲ್ಲಿ ಹೇಳ್ತೇನೆ."

"ಇಲ್ಲಿ ಬಾರದ್ದು ಅಲ್ಲಿ ಬರ್ತದಾ ಮಾರಾಯ್ರೆ?"

ಸಿಟ್ಟಿನಿಂದ ಎದ್ದು ಕಾರಿಡಾರಿಗೆ ಹೋದರು, ಅಲ್ಲಾದರೂ ಹೇಳಿಕೊಳ್ಳೋಣ ಎಂದು. ಲಿಫ್ಟಿನ ಬಾಗಿಲಿಗೆ ಮುಖ ಮಾಡಿ ಕೈ ಎತ್ತಿದ್ದೇ ತಡ, ಬಾಗಿಲು ತೆರೆದು ಪಕ್ಕದ ಮನೆಯಾಕೆ ತರಕಾರಿ ಚೀಲದೊಂದಿಗೆ ಹೊರಬಂದರು. "ಗುಡ್ ಮಾರ್ನಿಂಗ್," ಎಂದು ಎತ್ತಿದ ಕೈಯಲ್ಲೇ ಹೇಳಿ ಇವರು ಒಳಗೆ ಬಂದರು.

ನಾನು ಚೂರಿ ಕೆಳಗಿಟ್ಟು ಎದುರಿನ ಕುರ್ಚಿಯಲ್ಲಿ ಕುಳಿತೆ. ತಾಳಮದ್ದಳೆಯಲ್ಲಿ ಎದುರು ಒಬ್ಬರು ಬೇಕಲ್ಲ.

"ಸತ್ತ ಹೆಂಡತಿ ನಾನು. ನಾನೂ ಹೋದೆ, ಮಗುವೂ ಹೋಯಿತು. ಆಮೇಲೆ ನೀವೇನು ಮಾಡಿದಿರಿ?"

"ಬಿಡ್ತು ಅನ್ನು ಮಾರಾಯ್ತಿ!"

"ಎದುರಿನವರು ಕೇಳಿದ ಮೇಲೆ ಉತ್ತರ ಕೊಡದೆ ಏಳುವುದು ನಿಮ್ಮಲ್ಲಿ ಉಂಟಾ?"

ಅವರು ಬೈರಾಸು ತೆಗೆದು ಮಡಿಲಲ್ಲಿಟ್ಟುಕೊಂಡರು. ಕಿಟಕಿಯಾಚೆಯ ಕಟ್ಟಡ ನೋಡುತ್ತಾ, ಯಾವ ಏರಿಳಿತವೂ ಇಲ್ಲದೆ ಹೇಳಿದರು. "ನೀನು ಸತ್ತೆ. ಮಗು ಸತ್ತಿತು. ಮನೆಯಲ್ಲಿ ನಿಲ್ಲಲಾಗಲಿಲ್ಲ. ಶಿಷ್ಯರ ಜೊತೆ ಹೊರಟೆ. ಬಯಲಲ್ಲಿ ಕುಳಿತು ಸಣ್ಣ ಸಣ್ಣ ಚಿತ್ರ ಬರೆದೆ. ನನ್ನ ನಂತರ ಅವು ಶಿಷ್ಯರ ಕೈಸೇರಿದವು."

ಊಟ ಮಾಡದೆಯೇ ಬಸ್ಸಿಗೆ ಹೋದರು. ನಾನು ಒಲೆ ಹಚ್ಚಿದೆ, ಆರಿಸಿದೆ. ಫೋನ್ ಚಾರ್ಜಿಗಿಟ್ಟು ಅದನ್ನೇ ನೋಡಿದೆ. ಮನೆಯೊಳಗೆ ಆ ಮಾತು ಆಡಿಸಬಾರದಿತ್ತೋ ಏನೋ ಎಂದು ಒಮ್ಮೆ, ಆಡದಿದ್ದರೆ ಅಲ್ಲಿ ತಡವರಿಸುತ್ತಿದ್ದರು ಎಂದು ಇನ್ನೊಮ್ಮೆ. ಶಾಲೆಯಿಂದ ಬಂದ ಮಗಳು, "ಅಮ್ಮಾ, ಪ್ಲೀಸ್ ಸಿಟ್," ಎಂದಳು.

ಕತ್ತಲಾಗುವಾಗ ಬಂದರು. ಶೂ ಬಿಚ್ಚದೆ ನಿಂತೇ ಹೇಳಿದರು, "ಮೊದಲು ಬಾಯಿ ಒಣಗಿತು. ಆಮೇಲೆ ಅಲ್ಲಿನ ಮೇಡಂ, ಅವನಿಗೆ ಸಂಸಾರ ಇತ್ತಾ ಅಂತ ಕೇಳಿದ್ರು. ನಿಂಗೆ ಹೇಳಿದ ಹಾಗೆಯೇ ಹೇಳಿದೆ. ಅವ್ರು ಪೆನ್ನು ಕೆಳಗಿಟ್ರು."

"ಮತ್ತೆ?"

"ಸೋಮವಾರ ವೀಸಾಕ್ಕೆ ಪಾಸ್‌ಪೋರ್ಟ್ ಕಾಪಿ, ಫೋಟೋ ತರ್ಬೇಕಂತೆ. ಆದ್ರೆ ಜನರ ಎದುರು ನೀವೇ ಚಿತ್ರಗಾರ ಆಗ್ಬೇಡಿ ಅಂತ ನಕ್ರು."

ಕುಚ್ಚಲಕ್ಕಿ ಅನ್ನ, ಸಾರು, ಹುರಿದ ಬಂಗುಡೆ ಮೀನು ಉಂಡೆವು. ಬೀನ್ಸ್ ಪಲ್ಯದಲ್ಲಿ ಅರ್ಧ ಸಣ್ಣ ತುಂಡು, ಅರ್ಧ ದೊಡ್ಡದು. ಸಂಜೆ ನಾನು ದೇವರ ಮುಂದೆ ಹಚ್ಚಿದ್ದ ದೀಪದ ಪಕ್ಕ ಅವರು ಇನ್ನೊಂದು ದೀಪ ಹಚ್ಚಿದ್ದನ್ನು ಕಂಡೆ; ಬೆಳಿಗ್ಗೆ ನನ್ನನ್ನು ಸತ್ತೆ ಎಂದದ್ದಕ್ಕಿರಬೇಕು. ಅವರೇ ಮೊದಲು ನಿದ್ದೆ ಹೋದರು, ಆಮೇಲೆ ಮಗಳು. ಎರಡೂ ದೀಪ ಆರುವವರೆಗೆ ನಾನು ಎಚ್ಚರವಿದ್ದೆ.